ಶೇಂಗಾ ಉಂಡಿಯೂ 20 ಗ್ರಾಂ ಪ್ರೋಟೀನೂ

ನಮ್ಮವ್ವ ವರ್ಷಕ್ಕೆ ಎರಡು ಸಲ ಬೈಲಹೊಂಗಲ ಕಡೆಯ ನಮ್ಮೂರಿನಿಂದ ಪುಣೆಗೆ ಬರುತ್ತಾಳೆ. ಒಂದು ಸಲ ನಾಗರಪಂಚಮಿ ಮುಗಿದ ಮೇಲೆ, ಇನ್ನೊಂದು ಸಲ ಸಂಕ್ರಾಂತಿಯ ಹೊತ್ತಿಗೆ. ಎರಡೂ ಸಲ ಅವಳ ಚೀಲದಿಂದ ಬಟ್ಟೆಗಿಂತ ಮೊದಲು ಹೊರಬರುವುದು ಉಂಡಿಯ ಡಬ್ಬಿ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಹಿಟ್ಟಿನ ಉಂಡಿ, ತಂಬಿಟ್ಟು. ಹೋದ ವರ್ಷ ಅವಳು ಬಂದಾಗ ನನ್ನ ಮಗಳು ಹಾಫ್ ಮ್ಯಾರಥಾನಿಗೆ ತಯಾರಿ ನಡೆಸಿದ್ದಳು. ಬೆಳಿಗ್ಗೆ ಐದಕ್ಕೆ ಎದ್ದು ತಳಜಾಯಿ ಗುಡ್ಡಕ್ಕೆ ಹೋಗಿ ಓಡಿ ಬಂದು, ಬೆಳ್ಳಿಬಣ್ಣದ ಕಾಗದ ಹರಿದು ಒಂದು ಬಾರ್ ತಿನ್ನುವುದು ಅವಳ ಪದ್ಧತಿ. ಹಾಲಿನ ಅಂಶ ಒಂಚೂರೂ ಇಲ್ಲದ, ಬಟಾಣಿ ಮತ್ತು ಸೋಯಾದಿಂದ ಮಾಡಿದ ಪ್ರೋಟೀನ್ ಬಾರ್. ಅಜ್ಜಿಗೂ ಒಂದು ತುಂಡು ಕೊಟ್ಟಳು.

ಅವ್ವ ಅದನ್ನು ಬಾಯಲ್ಲಿಟ್ಟು ಆ ಕಡೆ ಈ ಕಡೆ ಹೊರಳಿಸಿದಳು. ಅಗಿದಳು. ಮತ್ತೆ ಅಗಿದಳು. ಕಡೆಗೆ ಒಂದು ಲೋಟ ನೀರು ಕುಡಿದು, "ತಂಗಿ, ಇದು ತಿನ್ನೂದೋ ಗ್ವಾಡಿಗೆ ಹಚ್ಚೂದೋ? ಬಾಯಿ ಎಲ್ಲಾ ಒಣಗಿ ಸುಣ್ಣ ಆತಲ್ಲ" ಅಂದಳು.

ಮಗಳು ನಕ್ಕಳು. "ಅಜ್ಜಿ, ಇದ್ರಾಗ 20 ಗ್ರಾಂ ಪ್ರೋಟೀನ್ ಐತಿ. ನಿನ್ನ ಉಂಡ್ಯಾಗ ಎಷ್ಟೈತಿ?"

ಈ ಪ್ರಶ್ನೆಗೆ ಅವ್ವನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಆದರೆ ಪ್ರಶ್ನೆ ತಲೆಯೊಳಗೆ ಕೂತುಬಿಟ್ಟಿತು. ಹುಡುಕುತ್ತ ಹೋದ ಹಾಗೆ ಅದರ ಹಿಂದೆ ದೊಡ್ಡ ಚರಿತ್ರೆಯೇ ಇದೆ ಅಂತ ಗೊತ್ತಾಯಿತು. ಕಾಳಿನ ಪ್ರೋಟೀನನ್ನು ಜನ ತಿನ್ನುವ ಹಾಗೆ ಮಾಡುವುದು ಹೇಗೆ ಎಂಬ ಈ ಚರಿತ್ರೆಯಲ್ಲಿ ಮೈಸೂರು ಇದೆ, ಬೆಂಗಳೂರು ಇದೆ, ನಾವು ಹೊಟ್ಟೆಪಾಡಿಗೆ ಬಂದು ಸೇರಿದ ಪುಣೆ, ಮುಂಬೈ, ಹೈದರಾಬಾದುಗಳೂ ಇವೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ಶೇಂಗಾದ ತೂಕದಲ್ಲಿ ಸುಮಾರು ಕಾಲುಭಾಗ ಪ್ರೋಟೀನು. 60 ಗ್ರಾಮಿನ ಒಂದು ದೊಡ್ಡ ಉಂಡಿಯಲ್ಲಿ 40 ಗ್ರಾಂ ಶೇಂಗಾ, 20 ಗ್ರಾಂ ಬೆಲ್ಲ ಅಂತ ಹಿಡಿದರೆ ಪ್ರೋಟೀನು 10 ಗ್ರಾಂ. ಅಷ್ಟೇ ತೂಕದ ಬಾರಿನಲ್ಲಿ 20 ಗ್ರಾಂ. ಅಂದರೆ ನಮ್ಮವ್ವನ ಉಂಡಿ ಅರ್ಧ ದಾರಿಗೇ ನಿಂತಿತು. ಬರೀ ಶೇಂಗಾದಿಂದಲೇ 20 ಗ್ರಾಂ ಬೇಕೆಂದರೆ 80 ಗ್ರಾಂ ಶೇಂಗಾ ಹಾಕಬೇಕು. ಬಾರಿನ ಒಟ್ಟು ತೂಕವೇ 60 ಗ್ರಾಂ ಆದರೆ ಅದು ಹೇಗೆ ಸಾಧ್ಯ? ಕಾಳನ್ನು ಕಾಳಾಗಿಯೇ ಉಳಿಸಿಕೊಂಡರೆ ಸಾಧ್ಯವಿಲ್ಲ. ಅದರೊಳಗಿನ ಎಣ್ಣೆ, ಪಿಷ್ಟ, ನಾರು ಎಲ್ಲವನ್ನೂ ತೆಗೆದು ಪ್ರೋಟೀನನ್ನು ಮಾತ್ರ ಬೇರ್ಪಡಿಸಿ ಪುಡಿ ಮಾಡಬೇಕು. ಬಾಯಿ ಒಣಗುವ ಕಥೆ ಶುರುವಾಗುವುದು ಅಲ್ಲಿಂದ.

ಕಾಳಿನ ಪ್ರೋಟೀನಿನ ಬಗ್ಗೆ ನಮ್ಮ ದೇಶದಲ್ಲಿ ಗಂಭೀರ ಚರ್ಚೆ ಶುರುವಾದದ್ದು 1930ರ ದಶಕದಲ್ಲಿ. 1935ರಲ್ಲಿ ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಸೋಯಾ ಅವರೆಯ ಬಗ್ಗೆ ಬರೆದರು. ವಾರ್ಧಾದ ಮಗನವಾಡಿಯಲ್ಲಿ ಅದನ್ನು ಅಡುಗೆಗೆ ಬಳಸಿ ನೋಡಿದರು. ಬಡೋದೆ ಸಂಸ್ಥಾನದವರು ಸೋಯಾ ಬೆಳೆಗೆ ಉತ್ತೇಜನ ಕೊಟ್ಟರು. ಅಲ್ಲಿನ ಎಫ್. ಎಸ್. ಕಾಳೆ ಎಂಬವರು 1936ರಲ್ಲಿ ಸೋಯಾ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೇ ಬರೆದರು. ಆದರೂ ಸೋಯಾ ಆಗ ನಮ್ಮ ಅಡುಗೆಮನೆ ಹೊಕ್ಕಲಿಲ್ಲ. ಹಸಿ ಸೋಯಾ ಅರೆದರೆ ಬರುವ ಹಸಿರು ಕಮಟು ವಾಸನೆ, ನಾಲಿಗೆಯ ಹಿಂಬದಿಯಲ್ಲಿ ಉಳಿಯುವ ಕಹಿ, ಎಷ್ಟು ಬೇಯಿಸಿದರೂ ಬೇಳೆಯಂತೆ ಕರಗದ ಮೊಂಡುತನ, ಇವುಗಳನ್ನು ಎಷ್ಟು ಪುಸ್ತಕ ಬರೆದರೂ ಹೋಗಲಾಡಿಸಲು ಆಗುವುದಿಲ್ಲವಲ್ಲ.

ಅದೇ ಕಾಲದಲ್ಲಿ ನಮ್ಮ ದಾರಿಯ ಉಲ್ಟಾ ದಾರಿಯಲ್ಲಿ ಒಬ್ಬ ಹೆಣ್ಣುಮಗಳು ಹೋದಳು. ನಾವು ಕನ್ನಡನಾಡಿನಿಂದ ಮುಂಬೈ-ಪುಣೆಗೆ ಬಂದರೆ, ಮರಾಠಿ ಮನೆತನದ ಕಮಲಾ ಭಾಗವತ್ 1933ರಲ್ಲಿ ಮುಂಬೈಯಿಂದ ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟಿಗೆ ಓದಲು ಹೋದಳು. ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಮೊದಲು ಒಪ್ಪಲಿಲ್ಲ. ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥ ಅಂತ ಸೇರಿಸಿಕೊಂಡರು. ಅಲ್ಲಿ ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದಳು. ಮದುವೆಯ ನಂತರ ಕಮಲಾ ಸೋಹನಿ ಎಂದು ಹೆಸರಾದ ಅವರು ಮುಂಬೈಗೆ ಮರಳಿ, ನಮ್ಮ ಕಾಳುಗಳಲ್ಲಿರುವ ಟ್ರಿಪ್ಸಿನ್ ತಡೆಯುವ ವಸ್ತುಗಳ ಬಗ್ಗೆ 1950ರ ದಶಕದಲ್ಲಿ ಅಧ್ಯಯನ ಮಾಡಿದರು. ಟ್ರಿಪ್ಸಿನ್ ಅಂದರೆ ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಅರಗಿಸುವ ಕಿಣ್ವ. ಹಸಿ ಕಾಳು ಅದನ್ನು ಕಟ್ಟಿಹಾಕುತ್ತದೆ. ಬಿಸಿ ತಾಗಿಸಿದರೆ ಆ ಕಟ್ಟು ಬಹುಮಟ್ಟಿಗೆ ಸಡಿಲಾಗುತ್ತದೆ. ಬೇಯಿಸದೆ, ಹುರಿಯದೆ ಕಾಳು ತಿನ್ನಬಾರದು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದುದಕ್ಕೆ ಪ್ರಯೋಗಶಾಲೆಯ ಸಾಕ್ಷಿ ಸಿಕ್ಕಿತು ಅನ್ನಿ.

ಇನ್ನು ಮೈಸೂರಿನ ಮಾತು. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಎಲ್ಲರ ಬಾಯಲ್ಲಿರುವ ಸಿಎಫ್‌ಟಿಆರ್‌ಐ, ಶುರುವಾಯಿತು. ಮೊದಲ ನಿರ್ದೇಶಕರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ಸುಬ್ರಹ್ಮಣ್ಯನ್. ಅಲ್ಲಿದ್ದಾಗಲೇ ಅವರು ಸೋಯಾ, ಶೇಂಗಾಗಳಿಂದ 'ಹಾಲು' ತೆಗೆಯುವ ಕೆಲಸದಲ್ಲಿ ತೊಡಗಿದ್ದರು. ದೇಶ ಆಗಷ್ಟೇ ಸ್ವತಂತ್ರವಾಗಿತ್ತು, 1943ರ ಬಂಗಾಳದ ಬರದ ನೆನಪು ಇನ್ನೂ ಹಸಿಯಾಗಿತ್ತು. ಇತ್ತ ಗಾಣಗಳಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತಿದ್ದ ರಾಶಿರಾಶಿ ಶೇಂಗಾ ಹಿಂಡಿ ದನಕ್ಕೋ ಗೊಬ್ಬರಕ್ಕೋ ಹೋಗುತ್ತಿತ್ತು. ಆ ಹಿಂಡಿಯಲ್ಲಿ ಪ್ರೋಟೀನು ಅರ್ಧದಷ್ಟಿದೆ. ಅದನ್ನು ಮನುಷ್ಯರಿಗೆ ಯಾಕೆ ತಿನ್ನಿಸಬಾರದು?

ಹೀಗೆ ಹುಟ್ಟಿದ್ದು 'ಇಂಡಿಯನ್ ಮಲ್ಟಿಪರ್ಪಸ್ ಫುಡ್'. ಅಮೆರಿಕದಲ್ಲಿ 1946ರಲ್ಲಿ ಕ್ಲಿಫರ್ಡ್ ಕ್ಲಿಂಟನ್ ಎಂಬ ಹೋಟೆಲು ಮಾಲೀಕರು ಕಟ್ಟಿದ 'ಮೀಲ್ಸ್ ಫಾರ್ ಮಿಲಿಯನ್ಸ್' ಸಂಸ್ಥೆ ಸೋಯಾದಿಂದ ಮಾಡಿದ ಇಂಥದೇ ಪುಡಿಯನ್ನು ಹಂಚುತ್ತಿತ್ತು. ಮೈಸೂರಿನವರು ಸೋಯಾ ಬದಲಿಗೆ ನಮ್ಮ ಮಣ್ಣಿನದನ್ನು ಹಾಕಿದರು. 75 ಭಾಗ ಎಣ್ಣೆ ತೆಗೆದ ಶೇಂಗಾ ಹಿಟ್ಟು, 25 ಭಾಗ ಕಡಲೆ ಹಿಟ್ಟು, ಮೇಲೆ ಸುಣ್ಣದಂಶ ಮತ್ತು ಜೀವಸತ್ವಗಳು. ಪ್ರೋಟೀನು ಶೇಕಡಾ 40ಕ್ಕಿಂತ ಹೆಚ್ಚು. ಶೇಂಗಾದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಡಲೆಯಲ್ಲಿ ಜಾಸ್ತಿ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಲೆಕ್ಕ. ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಎತ್ತರ, ತೂಕ ಎರಡೂ ಹೆಚ್ಚಿದವು. ವಿಜ್ಞಾನದ ಲೆಕ್ಕದಲ್ಲಿ ಯಾವ ಊನವೂ ಇರಲಿಲ್ಲ.

ಆದರೆ ಇವತ್ತು ಮುಂಬೈಯ ಮಾಟುಂಗಾದಲ್ಲೋ ಚೆನ್ನೈಯ ಮೈಲಾಪುರದಲ್ಲೋ ಹೋಗಿ ಆ ಹೆಸರು ಕೇಳಿನೋಡಿ, ಯಾರಿಗೂ ನೆನಪಿಲ್ಲ. ಅದೇ ಸಂಸ್ಥೆ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು ಕೊಟ್ಟಾಗ ಅದು ಅಮುಲ್ ಡಬ್ಬಿಯಾಗಿ ಮನೆಮನೆಗೆ ಹೋಯಿತು. ಶೇಂಗಾ ಪುಡಿ ಹೋಗಲಿಲ್ಲ. 1967ರಲ್ಲಿ ಬರದ ಹೊತ್ತಿಗೆ ಗೋಧಿಗೆ ಶೇಂಗಾ ಹಿಟ್ಟು ಬೆರೆಸಿದ 'ಬಾಲಾಹಾರ್' ಬಂತು. 70ರ ದಶಕದಲ್ಲಿ ಹಾಲಿಗೆ ಶೇಂಗಾ ಪ್ರೋಟೀನು ಸೇರಿಸಿದ 'ಮಿಲ್ಟೋನ್' ಬೆಂಗಳೂರಿನ ಡೇರಿಯಲ್ಲಿ ತಯಾರಾಯಿತು. ಎಲ್ಲವೂ ಸರಕಾರದ ಹಂಚಿಕೆಯ ಪದಾರ್ಥಗಳಾಗಿ ಬದುಕಿದವೇ ಹೊರತು, ಜನ ದುಡ್ಡು ಕೊಟ್ಟು ಆಸೆಯಿಂದ ಕೊಳ್ಳುವ ಪದಾರ್ಥಗಳಾಗಲಿಲ್ಲ.

ಕಾರಣ ಒಂದಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿದೆ ಅಂತ ಆಗ ಜಗತ್ತಿಗೆ ತಿಳಿಯಿತು. ಶೇಂಗಾ ಹಿಟ್ಟಿನ ಹೆಸರಿಗೆ ಅದು ದೊಡ್ಡ ಪೆಟ್ಟು. ಎರಡನೆಯ ಪೆಟ್ಟು ಬಿದ್ದದ್ದು ವಿಚಾರದ ಮೇಲೆಯೇ. ಜಗತ್ತಿಗೆ ಪ್ರೋಟೀನಿನ ಮಹಾ ಕೊರತೆ ಕಾದಿದೆ ಅಂತ 1968ರಲ್ಲಿ ವಿಶ್ವಸಂಸ್ಥೆ ವರದಿ ಮಾಡಿತ್ತು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಿ. ಗೋಪಾಲನ್ ಬೇರೆ ಮಾತು ಹೇಳಿದರು: ನಮ್ಮ ಮಕ್ಕಳಿಗೆ ಮೊದಲು ಸಾಲದಿರುವುದು ಹೊಟ್ಟೆತುಂಬ ಅನ್ನ, ಅದೇ ರೊಟ್ಟಿ-ಅನ್ನ-ಬೇಳೆ ಸಾಕಷ್ಟು ಸಿಕ್ಕರೆ ಪ್ರೋಟೀನು ಬಹುಪಾಲು ತಾನಾಗಿ ಬರುತ್ತದೆ. ವಿಶ್ವಸಂಸ್ಥೆಯ ಆಹಾರ ಸಂಘಟನೆಯಲ್ಲಿ ಅಂಕಿಸಂಖ್ಯೆ ವಿಭಾಗ ನೋಡಿಕೊಂಡು ನಂತರ ನಮ್ಮ ಪುಣೆಗೆ ಬಂದು ನೆಲೆಸಿದ ಪಿ. ವಿ. ಸುಖಾತ್ಮೆ ಅದನ್ನೇ ಅಂಕಿಗಳಲ್ಲಿ ವಾದಿಸಿದರು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಡೀ ಪ್ರೋಟೀನ್ ಅಭಿಯಾನವನ್ನೇ ಮಹಾ ಎಡವಟ್ಟು ಅಂತ ಕರೆದರು. ಪುಡಿಯ ಡಬ್ಬಿಗಳು ಹಿಂದೆ ಸರಿದವು.

ಮೂರನೆಯ ಕಾರಣವನ್ನು ಯಾವ ವರದಿಯೂ ಇಲ್ಲದೆ ನಮ್ಮವ್ವ ಹೇಳಿಬಿಟ್ಟಳು. ಬಾಯಿ ಒಣಗಿ ಸುಣ್ಣ ಆಯಿತು ಅಂತ. ಬಡವರಿಗೆ ಹಂಚುವ ಆಹಾರ ತಯಾರಿಸುವಾಗ ಪೋಷಕಾಂಶ ಎಣಿಸಿದಷ್ಟು ಶ್ರದ್ಧೆಯಿಂದ ರುಚಿಯನ್ನು ಎಣಿಸಿದ್ದು ಕಡಿಮೆ. ಹಸಿದವನು ಏನು ಕೊಟ್ಟರೂ ತಿಂತಾನೆ ಅಂತ ಒಂದು ಭಾವನೆ ನಮ್ಮಲ್ಲಿ ಇದ್ದೇ ಇದೆ. ಹಸಿದವನು ಒಂದು ದಿನ ತಿಂತಾನೆ, ದಿನಾ ತಿನ್ನುವುದಿಲ್ಲ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನಾಲ್ವರು ಹುಡುಗರು ಒಂದೇ ಖೋಲಿಯಲ್ಲಿದ್ದೆವು. ತಿಂಗಳ ಕೊನೆಯ ವಾರ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಆಗಲೂ ನಾವು ಖಾನಾವಳಿಯ ಬೇಯದ ಅನ್ನ ಬಿಟ್ಟು, ಊರಿಂದ ಬಂದ ಉಂಡಿ ಎಣಿಸಿಕೊಂಡು ತಿಂದಿದ್ದೇವೆ. ಬಡತನ ನಾಲಿಗೆಯನ್ನು ಕೊಲ್ಲುವುದಿಲ್ಲ.

ಬಾರಿನ ಕಥೆ ಶುರುವಾದದ್ದು ಇನ್ನೊಂದು ತುದಿಯಿಂದ, ಹೊಟ್ಟೆ ತುಂಬಿದವರ ಕಡೆಯಿಂದ. ಅಮೆರಿಕದ ಪಿಲ್ಸ್‌ಬರಿ ಕಂಪನಿ ಬಾಹ್ಯಾಕಾಶ ಯಾನಿಗಳಿಗಾಗಿ ಮಾಡಿದ ಕೆಲಸದ ಆಧಾರದ ಮೇಲೆ 1969ರ ಸುಮಾರಿಗೆ 'ಸ್ಪೇಸ್ ಫುಡ್ ಸ್ಟಿಕ್ಸ್' ಎಂಬ ಉದ್ದನೆಯ ಕಡ್ಡಿಗಳನ್ನು ಪೇಟೆಗೆ ತಂದಿತು. 1986ರಲ್ಲಿ ಮ್ಯಾರಥಾನ್ ಓಟಗಾರ ಬ್ರಯನ್ ಮ್ಯಾಕ್ಸ್‌ವೆಲ್ ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ 'ಪವರ್‌ಬಾರ್' ಶುರುಮಾಡಿದ. ಅದರ ಗಟ್ಟಿತನದ ಬಗ್ಗೆ, ಚಳಿಯಲ್ಲಿ ಹಲ್ಲು ಮುರಿಯುತ್ತದೆ ಅಂತ ಓಟಗಾರರು ತಮಾಷೆ ಮಾಡುತ್ತಿದ್ದರಂತೆ. 1992ರಲ್ಲಿ ಓಟ್ಸ್ ಕಾಳು ಕಾಣುವ ಹಾಗೆ ಮಾಡಿದ 'ಕ್ಲಿಫ್ ಬಾರ್' ಬಂತು. ಜನಕ್ಕೆ ಬೇಕಾದದ್ದು ಅಗಿಯಲು ಬರುವ ಒಂದು ತಿಂಡಿ ಅಂತ ಅದು ತೋರಿಸಿತು. 1999ರಲ್ಲಿ ಅಮೆರಿಕದ ಆಹಾರ-ಔಷಧ ಇಲಾಖೆ ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನು ಹೃದಯಕ್ಕೆ ಒಳ್ಳೆಯದೆಂದು ಚೀಟಿಯ ಮೇಲೆ ಹಾಕಲು ಅನುಮತಿ ಕೊಟ್ಟ ಮೇಲೆ ಸೋಯಾ ಬಾರುಗಳ ಸುಗ್ಗಿ. ನಮ್ಮಲ್ಲೂ ಈ ವ್ಯಾಪಾರ ಬೆಳೆದಿದೆ. ಬೆಂಗಳೂರಿನಲ್ಲಿ ಹುಟ್ಟಿದ 'ಯೋಗಾ ಬಾರ್' ಕಂಪನಿಯನ್ನು ಕೊಳ್ಳುವುದಾಗಿ 2023ರಲ್ಲಿ ಐಟಿಸಿಯಂಥ ದೊಡ್ಡ ಸಂಸ್ಥೆಯೇ ಪ್ರಕಟಿಸಿತು ಅಂದರೆ ನೋಡಿ.

ಹಾಗಾದರೆ ಈ ಬಾರು ಬಾಯಿಯನ್ನು ಯಾಕೆ ಒಣಗಿಸುತ್ತದೆ? ಎಣ್ಣೆ ತೆಗೆದ ಸೋಯಾವನ್ನು ಕ್ಷಾರದ ನೀರಿನಲ್ಲಿ ಕರಗಿಸಿ, ಹುಳಿ ಬೆರೆಸಿ ಹಾಲು ಒಡೆದ ಹಾಗೆ ಪ್ರೋಟೀನನ್ನು ಒಡೆಸಿ, ಒಣಗಿಸಿ ಪುಡಿ ಮಾಡುತ್ತಾರೆ. ಬಟಾಣಿಯದೂ ಹೆಚ್ಚುಕಡಿಮೆ ಹೀಗೇ. ಈ ಪುಡಿಗೆ ನೀರಿನ ಮೇಲೆ ಬಲು ಆಸೆ. ಹಾಲಿನ ವೇ ಪ್ರೋಟೀನಿನಂತೆ ಅದು ಸುಲಭವಾಗಿ ಕರಗುವುದಿಲ್ಲ. ಸಣ್ಣ ಸಣ್ಣ ಕಣವಾಗಿಯೇ ಉಳಿದು ಬಾಯೊಳಗಿನ ಜೊಲ್ಲನ್ನು ಹೀರುತ್ತದೆ. ಅದಕ್ಕೇ ಸುಣ್ಣದ ಅನುಭವ. ಬಾರನ್ನು ಮೆತ್ತಗಿಡಲು ಪಾನಕದಂಥ ಸಿರಪ್ಪು, ಗ್ಲಿಸರಿನ್, ಖರ್ಜೂರ ಹಾಕುತ್ತಾರೆ. ಆದರೆ ಕಪಾಟಿನಲ್ಲಿ ವಾರ, ತಿಂಗಳು ಕಳೆದಂತೆ ಪ್ರೋಟೀನು ಸಿರಪ್ಪಿನಿಂದ ನೀರು ಎಳೆದುಕೊಂಡು, ತನ್ನಲ್ಲೇ ಗಂಟುಹಾಕಿಕೊಂಡು ಬಿಗಿಯುತ್ತದೆ. ತಯಾರಾದ ದಿನ ಹಲ್ವದಂತಿದ್ದದ್ದು ಮೂರು ತಿಂಗಳಿಗೆ ಚಪ್ಪಲಿಯ ಅಟ್ಟೆಯಾಗುತ್ತದೆ. ಬೆಂದ ಅಕ್ಕಿಯ ಅರಳಿನಂತೆ ಪುಸ್ಸನೆ ಒಡೆಯುವ ಸೋಯಾ ಗುಳಿಗೆಗಳನ್ನು ನಡುನಡುವೆ ಸೇರಿಸುವುದು ಈ ಬಿಗಿತವನ್ನು ಮರೆಮಾಚಲಿಕ್ಕೆ.

ವಾಸನೆಯ ಕಾರಣ ಬೇರೆ. ಕಾಳು ಒಡೆದು ನೀರು ತಾಗಿದ ಕೂಡಲೇ ಅದರಲ್ಲಿರುವ ಲೈಪಾಕ್ಸಿಜಿನೇಸ್ ಎಂಬ ಕಿಣ್ವ ಎಣ್ಣೆಯ ಮೇಲೆ ಕೆಲಸ ಮಾಡಿ ಹೆಕ್ಸನಾಲ್ ಮುಂತಾದವನ್ನು ಹುಟ್ಟಿಸುತ್ತದೆ. ಕೊಯ್ದ ಹುಲ್ಲಿನ, ಹಸಿ ಅವರೆಯ ಆ ಕಮಟು ಅದೇ. 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದಕ್ಕೆ ಮದ್ದು ಕಂಡುಹಿಡಿದರು. ತಣ್ಣೀರಿನಲ್ಲಿ ಅರೆಯಬೇಡಿ, ಕುದಿಯುವ ನೀರಿನಲ್ಲಿ ಅರೆಯಿರಿ. ಕಿಣ್ವ ಕೆಲಸ ಶುರುಮಾಡುವ ಮೊದಲೇ ಸಾಯುತ್ತದೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮೂರಿನ ಭಟ್ಟಿ. ಪುಟಾಣಿ ಮಾಡುವವರು ಕಡಲೆಗೆ ನೀರು ಚಿಮುಕಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಕಾದ ಉಸುಕಿನಲ್ಲಿ ಹುರಿಯುತ್ತಾರೆ. ಒಳಗಿನ ತೇವ ಉಗಿಯಾಗಿ ಕಾಳು ಸಡಿಲಾಗುತ್ತದೆ, ಸಿಪ್ಪೆ ಬಿಡುತ್ತದೆ. ಇಡೀ ಕಾಳಿಗೆ ಬಿಸಿ ತಾಗಿ, ಒಡೆಯುವ ಮೊದಲೇ ಕಿಣ್ವ ಸತ್ತಿರುತ್ತದೆ. ಹುರಿದ ಘಮ ಬಂದಿರುತ್ತದೆ. ಅದನ್ನು ಬೀಸಿದರೆ ಕಮಟಿಲ್ಲದ ಹಿಟ್ಟು. ತಂಬಿಟ್ಟಿನಲ್ಲಿ ಆ ಹಿಟ್ಟಿನ ಜೊತೆ ಹುರಿದ ಅಕ್ಕಿಯೋ ಗೋಧಿಯೋ ಸೇರುತ್ತದೆ. ಶೇಂಗಾ ಉಂಡಿಯಲ್ಲಿ ಕಾಳಿನ ಎಣ್ಣೆ ಹಾಗೇ ಉಳಿದಿರುವುದರಿಂದ ಬಾಯಿ ಒಣಗುವುದಿಲ್ಲ. ಆ ಎಣ್ಣೆಯೇ ಹಲ್ಲಿಗೂ ನಾಲಿಗೆಗೂ ಹಾದಿ ಮಾಡಿಕೊಡುತ್ತದೆ. ಗೋಕಾಕ, ಅಮೀನಗಡದ ಕರದಂಟಿನಲ್ಲಂತೂ ಕರಿದ ಅಂಟು, ಒಣಕೊಬ್ಬರಿ, ಬೆಲ್ಲ ಸೇರಿ ತಿಂಗಳಾದರೂ ಹದ ಕೆಡುವುದಿಲ್ಲ. ಕರಿದ ಅಂಟು ಅರಳಿನಂತೆ ಹಗುರವಾಗಿ ಹಲ್ಲಿಗೆ ಒಡೆಯುತ್ತದೆ. ಬಾರಿನಲ್ಲಿ ಸೋಯಾ ಗುಳಿಗೆ ಮಾಡುವ ಕೆಲಸವನ್ನೇ ಇಲ್ಲಿ ಅಂಟು ಮಾಡುತ್ತದೆ.

ಇದು ನಮ್ಮದೊಬ್ಬರದೇ ಜಾಣತನ ಅಂತ ಹೇಳಿಕೊಳ್ಳುವ ಹಾಗಿಲ್ಲ. ಪರವೂರಿನಲ್ಲಿ ಬದುಕಿದರೆ ಈ ಅಹಂಕಾರ ತಾನಾಗಿ ಇಳಿಯುತ್ತದೆ. ಮುಂಬೈ-ಪುಣೆ ರೈಲಿನಲ್ಲಿ ಘಟ್ಟ ಹತ್ತುವಾಗ ಲೋಣಾವಳದ ಚಿಕ್ಕಿ ಬರುತ್ತದೆ. ಮರಾಠಿಗರಿಗೂ ಅದು ಶೇಂಗಾ, ನಮಗೂ ಶೇಂಗಾ. ಹಳೆ ಮೈಸೂರಿನವರಿಗೇ ಅದು ಕಡಲೆಕಾಯಿ. ಹೈದರಾಬಾದಿನಲ್ಲಿ ಪಲ್ಲಿ ಪಟ್ಟಿ. ದೆಹಲಿಯ ಚಳಿಗಾಲದಲ್ಲಿ ಗಜಕ್; ಅಲ್ಲಿಯ ಬಿಹಾರಿ ಕೂಲಿಗಳ ಗಂಟಿನಲ್ಲಿ ಹುರಿದ ಕಡಲೆಯ ಸತ್ತು. ಚೆನ್ನೈಯಲ್ಲಿ ಪೊರಿವಿಳಂಗಾ ಉಂಡೆ. ಅದರ ಗಟ್ಟಿತನಕ್ಕೆ ಪವರ್‌ಬಾರೂ ಕೈಮುಗಿಯಬೇಕು. ಎಲ್ಲವೂ ದುಡಿಯಲು, ದೂರ ಹೋಗಲು ಹೊರಟವರ ಬುತ್ತಿಗಳೇ.

ಹೈದರಾಬಾದಿನ ಪೋಷಣ ಸಂಸ್ಥೆಯವರು ಕೃಶವಾದ ಮಕ್ಕಳಿಗೆ ಕೊಡಲು ಒಂದು ಮಿಶ್ರಣ ಮಾಡಿದರು. 'ಹೈದರಾಬಾದ್ ಮಿಕ್ಸ್' ಅಂತ ಅದರ ಹೆಸರು. ಹುರಿದ ಗೋಧಿ 40 ಗ್ರಾಂ, ಹುರಿದ ಕಡಲೆ 16, ಶೇಂಗಾ 10, ಬೆಲ್ಲ 20. ಒಟ್ಟು 86 ಗ್ರಾಮಿನಲ್ಲಿ ಸುಮಾರು 330 ಕ್ಯಾಲರಿ, 11 ಗ್ರಾಂ ಪ್ರೋಟೀನು. ಈ ಪಟ್ಟಿಯನ್ನು ನಾನು ಅವ್ವನಿಗೆ ಓದಿ ಹೇಳಿದೆ. "ಅದು ತಂಬಿಟ್ಟ ಅಲ್ಲೇನೋ? ಯಾಲಕ್ಕಿ ಹಾಕೂದು ಮರತಾರ ನೋಡು" ಅಂದಳು. ಹಿಂಡಿಯ ಪುಡಿಯಿಂದ ಹೊರಟ ವಿಜ್ಞಾನ ಸುತ್ತಿ ಬಳಸಿ ಹುರಿದ ಕಾಳು-ಬೆಲ್ಲದ ಹತ್ತಿರ ಬಂದು ನಿಂತಿತ್ತು.

ಹಾಗಂತ ಮಗಳ ಬಾರು ಸುಳ್ಳು ಅಂತ ನಾನು ಹೇಳಲಾರೆ. ಬೆವರು ಸುರಿಸಿ ಓಡುವವಳಿಗೆ, ಹಾಲು ಒಗ್ಗದವರಿಗೆ ಕಡಿಮೆ ತೂಕದಲ್ಲಿ ಹೆಚ್ಚು ಪ್ರೋಟೀನು ಬೇಕಾಗಬಹುದು. ಅದನ್ನು ಉಂಡಿ ಕೊಡಲಾರದು, ಮೇಲಾಗಿ ಬೆಲ್ಲವೂ ಹೊಟ್ಟೆ ಸೇರುತ್ತದೆ. ಉಂಡಿಯ ಲೆಕ್ಕ 10 ಗ್ರಾಂ ಮಾತ್ರ, ಅದನ್ನು ಅಭಿಮಾನದಿಂದ 20 ಮಾಡಲು ಬರುವುದಿಲ್ಲ.

ಈ ಪಂಚಮಿಗೆ ಅವ್ವ ಬರಲಿಲ್ಲ. ಕೈಬೆರಳು ಸೆಟೆದುಕೊಂಡು ಬಿಸಿ ಪಾಕದಲ್ಲಿ ಉಂಡಿ ಕಟ್ಟಲು ಆಗುವುದಿಲ್ಲ ಅಂದಳು. ನಾನೂ ಮಗಳೂ ಸೇರಿ ಫೋನಿನಲ್ಲಿ ಅವಳನ್ನು ಕೇಳುತ್ತ ಇಲ್ಲೇ ಕಟ್ಟಿದೆವು. ಪಾಕ ಏರಿ ಉಂಡಿ ಕಲ್ಲಾದವು. ಮಗಳು ಒಂದನ್ನು ಮೇಜಿಗೆ ಕುಟ್ಟಿ ಸದ್ದು ಕೇಳಿಸಿದಳು. ಆ ಕಡೆಯಿಂದ ಅವ್ವ, "ನೀರಿನ್ಯಾಗ ಹನಿ ಬಿಟ್ಟು ನೋಡ್ಬೇಕಿತ್ತಲ್ಲವಾ, ಠಣ್ ಅನ್ನೂದ್ರಾಗ ಇಳಿಸ್ಬೇಕು" ಅಂದಳು. ಮಗಳು ತನ್ನ ಓಟದ ಲೆಕ್ಕ ಬರೆಯುವ ವಹಿಯಲ್ಲಿ ಅದನ್ನು ಬರೆದುಕೊಂಡಳು. ಸಂಕ್ರಾಂತಿಗೆ ಮತ್ತೊಮ್ಮೆ ಕಟ್ಟಿ ನೋಡುವುದು ಅಂತ ಆಗಿದೆ.